ಕೆಂಪಿಗೆ ಒಂದು ಗಂಟು

ಮಲಗಿದ್ದ ಮಗುವಿನ ಕೆನ್ನೆಯ ಕೆಳಗೆ ಸೊಸೆ ಎರಡು ಬೆರಳು ತೂರಿಸಿ ದಿಂಬಿನ ಮೂಲೆಯನ್ನು ಅದುಮಿ ನೋಡಿದಳು. ಹತ್ತಿ. ಬರೀ ಹತ್ತಿ. ಇನ್ನೊಂದು ಮೂಲೆಗೆ ಕೈ ಹಾಕುವಷ್ಟರಲ್ಲಿ ಮಗು ಮಗ್ಗುಲು ಬದಲಿಸಿ ದಿಂಬನ್ನು ಎದೆಗೆ ಅವಚಿಕೊಂಡಿತು. ಸೊಸೆ ಕೈ ಹಿಂದೆಗೆದಳು.

"ಅತ್ತಿಗೆ, ಎಬ್ಬಿಸ್ಬೇಡಿ ಅವಳನ್ನ. ಅತ್ತೂ ಅತ್ತೂ ಈಗಷ್ಟೇ ಕಣ್ಣು ಮುಚ್ಚಿದ್ದಾಳೆ," ಎಂದಳು ನಾದಿನಿ ಬಾಗಿಲಲ್ಲಿ ನಿಂತು.

"ಇಲ್ಲ, ಹೊದಿಕೆ ಸರಿಮಾಡ್ತಿದ್ದೆ ಅಷ್ಟೇ."

ಅಂಗೈಯಗಲದ ದಿಂಬು ಅದು. ಬರೆಯುವಾಗ ಕೈ ನೋಯಬಾರದೆಂದು ಅಜ್ಜಿ ಮೊಮ್ಮಗಳಿಗೆ, ನಾದಿನಿಯ ಮಗಳಿಗೆ, ಹೊಲಿದದ್ದು. ಜೊತೆಗೆ ಒಂದು ಪೆನ್ಸಿಲ್ ಚೀಲ, ಹಳೇ ಡಬ್ಬಿಗೆ ಬಟ್ಟೆ ಹೊದಿಸಿದ ಪೆನ್ನಿನ ಗೂಡು. ಹೊಲಿದ ಅಜ್ಜಿ ಈಗ ಪಕ್ಕದ ಕೋಣೆಯಲ್ಲಿ ಬಿಳಿ ಹೊದಿಕೆಯಡಿ ಮಲಗಿದ್ದರು. ಅವರನ್ನು ಒಯ್ಯುವ ವ್ಯಾನು ಬರಲು ಇನ್ನು ಹೆಚ್ಚು ಹೊತ್ತಿರಲಿಲ್ಲ.

ಬೆಳಿಗ್ಗೆ ಅತ್ತೆಯ ಹೊಲಿಗೆ ಡಬ್ಬಿಯನ್ನು ಎತ್ತಿಡಲು ಹೋದಾಗಲೇ ಸೊಸೆ ಅದನ್ನು ಗಮನಿಸಿದ್ದಳು. ಸೋಪಿನ ತುಂಡಿಗೆ ಚುಚ್ಚಿಟ್ಟ ಸೂಜಿಗಳಲ್ಲಿ ನೀಲಿ ದಾರದ್ದಿತ್ತು, ಬಿಳಿಯದಿತ್ತು, ಕೆಂಪಿನದು ಇರಲಿಲ್ಲ. ಕೆಂಪು ದಾರದಲ್ಲಿ ಹೊಲಿದದ್ದು ಈ ದಿಂಬೊಂದನ್ನೇ. ಅದರ ಒಂದು ಅಂಚು ಬೆರಳಿನಷ್ಟು ಬಾಯಿ ಬಿಟ್ಟುಕೊಂಡಿತ್ತು. ಕೆಂಪು ದಾರ ಆ ಬಾಯೊಳಗೆ ಇಳಿದು ಮಾಯವಾಗಿತ್ತು. ದಾರ ಒಳಗಿದ್ದ ಮೇಲೆ ಅದರ ತುದಿಯ ಸೂಜಿ ಇನ್ನೆಲ್ಲಿಗೆ ಹೋದೀತು!

ಹೊರಗಿನ ಕೋಣೆಯಲ್ಲಿ, ಅತ್ತೆ ಹಿಂದೆ ಕೆಲಸ ಮಾಡಿದ್ದ ಲಾಂಡ್ರಿಯ ಮಾಲೀಕರು ಅವರ ಬಗ್ಗೆ ಕೆಳಮನೆಯಾಕೆಗೆ ಹೇಳುತ್ತಿದ್ದರು. "ಗುಂಡಿ ಕಿತ್ತುಹೋದ ಶರ್ಟು ಬಂದ್ರೆ ಸಾಕು, ಕೇಳದೇನೇ ಹೊಲಿದಿಡೋರು. ಒಂದ್ಸಲ ಗಿರಾಕಿ ಬಂದು ಜಗಳಕ್ಕೇ ನಿಂತ್ಬಿಟ್ಟ. 'ಇದು ನನ್ನ ಶರ್ಟಲ್ಲ, ನಂದಕ್ಕೆ ಗುಂಡಿನೇ ಇರಲಿಲ್ಲ' ಅಂತ!"

ಕೆಳಮನೆಯಾಕೆ ನಕ್ಕು, ಎಲ್ಲಿದ್ದೇನೆಂದು ನೆನಪಾಗಿ ಬಾಯಿಗೆ ಕೈ ಅಡ್ಡ ಹಿಡಿದಳು. "ಗುಂಡಿಯಮ್ಮ ಅಂದ್ರೆ ಗುಂಡಿಯಮ್ಮನೇ ಬಿಡಿ. ಆ ವಯಸ್ಸಲ್ಲೂ ಕಣ್ಣು ಎಷ್ಟು ಚುರುಕು! ನನ್ ಕೈಲಿ ಆಗುತ್ತಾ, ಸೂಜಿಗೆ ದಾರ ಪೋಣಿಸೋಕೆ?"



*

ಕೆಲವು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅತ್ತೆ ಲೋಟದ ಪಕ್ಕಕ್ಕೆ, ಮೇಜಿನ ಮೇಲೆ, ಚಮಚ ಚಮಚ ಸಕ್ಕರೆ ಸುರಿಯುತ್ತಿದ್ದರು. ಸೊಸೆ ಕೈ ಹಿಡಿದಳು.

"ಅತ್ತೆ, ನಿಮ್ಗೆ..."

"ಶ್! ಮೆಲ್ಲಗೆ ಮಾರಾಯ್ತಿ. ಡಾಕ್ಟರ್ ಹತ್ರ ನಾನೇ ಹೋಗ್ಬಂದೆ. ಇದು ಹೋದ್ರೆ ವಾಪಸ್ ಬರೋ ಕಣ್ಣಲ್ಲವಂತೆ. ಕಣ್ಣು ಹೋದ್ರೆ ಕೈ ಇದೆಯಲ್ಲ? ಆದ್ರೆ ನನ್ ಮಗಳಿಗೆ ಮಾತ್ರ ಹೇಳ್ಬೇಡ. ಗೊತ್ತಾದ್ರೆ ಸೂಜಿ ಕಿತ್ಕೋತಾಳೆ. ಆಮೇಲೆ ನಾನು ಗೋಡೆ ನೋಡ್ಕೊಂಡು ಕೂರ್ಬೇಕು, ಅದೂ ಕಾಣದೇ ಇರೋ ಗೋಡೆ!"

ತಮ್ಮ ಮಾತಿಗೆ ತಾವೇ ನಕ್ಕರು. ಸೊಸೆಗೆ ನಗು ಬರಲಿಲ್ಲ, ಆದರೂ ಮಾತು ಕೊಟ್ಟಳು. ಅಂದಿನಿಂದ ಅವಳು ಕೆಲಸಕ್ಕೆ ಹೊರಡುವ ಮುಂಚೆ ಸೂಜಿಗಳಿಗೆ ದಾರ ಪೋಣಿಸಿ ಸೋಪಿಗೆ ಚುಚ್ಚಿಡುವಳು. ಬಣ್ಣ ಕಾಣದ್ದಕ್ಕೆ ಅತ್ತೆಯೇ ಒಂದು ಉಪಾಯ ಹೂಡಿದ್ದರು. ದಾರದ ತುದಿಯಲ್ಲಿ ಕೆಂಪಿಗೆ ಒಂದು ಗಂಟು, ನೀಲಿಗೆ ಎರಡು, ಬಿಳಿಗೆ ಮೂರು. ಹೆಬ್ಬೆರಳಿನಲ್ಲಿ ಗಂಟು ತಡವಿ ಬಣ್ಣ ಹೇಳುವರು.

ಮೊಮ್ಮಗಳಿಗೆ ಓದುವ ಮೇಜು ತರುತ್ತಾರೆಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಲಾಂಡ್ರಿಯಲ್ಲಿ ಯಾರೂ ಒಯ್ಯದೆ ಉಳಿದ ಶರ್ಟುಗಳನ್ನು ಕೇಳಿ ತಂದು ಕೂತೇಬಿಟ್ಟರು.

"ಮೇಜೇ ಬಂದಿಲ್ಲ ಅತ್ತೆ! ಕೂಸು ಹುಟ್ಟೋ ಮುಂಚೆ ಕುಲಾವಿನಾ?"

"ಹೊಲೀತೀನಿ ಬಿಡೇ. ಕೂಸು ಹುಟ್ಟೋಷ್ಟರಲ್ಲಿ ನನಗೆ ಕುಲಾವಿ ಯಾವುದು, ಕಾಲುಚೀಲ ಯಾವುದು ಅಂತ ಗೊತ್ತಾಗದೇ ಹೋದ್ರೆ?"

*

ನಿನ್ನೆ ಸಂಜೆ ಕೆಲಸದಿಂದ ಬಂದಾಗ ಅತ್ತೆ ಕುರ್ಚಿಯಲ್ಲಿರಲಿಲ್ಲ. ನೆಲದ ಮೇಲೆ ಮಂಡಿಯೂರಿ, ಎರಡೂ ಅಂಗೈಗಳಿಂದ ಟೈಲ್ಸು ಸವರುತ್ತಿದ್ದರು. ಕುರ್ಚಿಯ ಕಾಲು, ಮಂಚದ ಅಡಿ, ಬಾಗಿಲ ಸಂದು, ಒಂದನ್ನೂ ಬಿಟ್ಟಿರಲಿಲ್ಲ. ಕೈಯೆಲ್ಲ ಧೂಳು, ಮುಖ ಬಿಳಿಚಿತ್ತು.

"ಏನ್ ಹುಡುಕ್ತಿದ್ದೀರಿ?"

"ಏನಿಲ್ಲ. ಗುಂಡಿ. ಒಂದು ಗುಂಡಿ ಬಿತ್ತು."

ಗುಂಡಿಗಾಗಿ ಅತ್ತೆ ಅಷ್ಟು ಹೆದರಿದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಮಲಗುವ ಮುಂಚೆ ಕೈ ಹಿಡಿದು ಹೇಳಿದರು: "ಮಧ್ಯಾಹ್ನ ಮಗಳು ಬಂದು ದಿಂಬು ತಗೊಂಡು ಹೋದ್ಲು. ನಾಳೆನೇ ವಾಪಸ್ ತರಿಸೇ. ಮರೀಬೇಡ. ಒಂದು ಹೊಲಿಗೆ ಬಾಕಿ ಇದೆ."

ಬೆಳಿಗ್ಗೆ ಅವರು ಏಳಲೇ ಇಲ್ಲ.

*

ಹೇಳಿದರೆ ಅತ್ತೆಗೆ ಕೊಟ್ಟ ಮಾತು ಹೋಗುತ್ತದೆ. ಹೇಳದಿದ್ದರೆ ಮಗು. ಅತ್ತ ದರಿ, ಇತ್ತ ಪುಲಿ. ಸೂಜಿ ಕೊಡುತ್ತಿದ್ದವಳು ನೀನೇ ತಾನೆ ಎಂದು ನಾಳೆ ನಾದಿನಿ ಕೇಳಿದರೆ ಏನು ಉತ್ತರ? ಸೊಸೆ ಯೋಚಿಸುತ್ತ ನಿಂತಿದ್ದಂತೆ ಮಗುವಿಗೆ ಎಚ್ಚರವಾಯಿತು. ಕಣ್ಣುಜ್ಜಿಕೊಂಡಿತು. ಆಮೇಲೆ, ಹೊದಿಕೆಯ ತುದಿ ಚೀಪುವ ಅಭ್ಯಾಸ ಅದಕ್ಕೆ ಮೊದಲಿನಿಂದಲೂ ಇತ್ತು, ದಿಂಬಿನ ಬಾಯಿಬಿಟ್ಟ ಅಂಚನ್ನೇ ಬಾಯಿಗಿಟ್ಟುಕೊಂಡಿತು.

"ಬೇಡಾ!"

ಸೊಸೆ ಹಾರಿ ದಿಂಬು ಕಿತ್ತುಕೊಂಡಳು. ಮಗು ಕಿರುಚಿತು. ಹೊರಗಿನ ಕೋಣೆಯ ಮಾತೆಲ್ಲ ನಿಂತುಹೋಯಿತು.

"ಅತ್ತಿಗೆ!" ನಾದಿನಿ ಓಡಿ ಬಂದಳು. "ಏನಿದು? ಅಮ್ಮ ಕೊನೇದಾಗಿ ಕೊಟ್ಟಿದ್ದು ಅದು. ಕೊಡಿ ಇಲ್ಲಿ!"

"ಕೊಡಲ್ಲ."

"ಇನ್ನೂ ಎತ್ತೇ ಇಲ್ಲ, ಆಗ್ಲೇ ಕಿತ್ತಾಟ ನೋಡಿ," ಕೆಳಮನೆಯಾಕೆ ಗೊಣಗಿದ್ದು ಎಲ್ಲರಿಗೂ ಕೇಳಿಸಿತು.

ಸೊಸೆ ನಾದಿನಿಯ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದೊಯ್ದು ಬಾಗಿಲು ಮುಚ್ಚಿದಳು. ಕತ್ತರಿ ಕೈಗೆತ್ತಿಕೊಂಡಳು.

"ಇದರಲ್ಲಿ ಸೂಜಿ ಇದೆ ಕಣೇ. ಅತ್ತೆಗೆ ಕಣ್ಣು ಕಾಣ್ತಿರಲಿಲ್ಲ. ನನಗೆ ಗೊತ್ತಿತ್ತು. ದಿನಾ ದಾರ ಪೋಣಿಸಿ ಕೊಡ್ತಿದ್ದವಳು ನಾನೇ. ಕೆಂಪು ದಾರದ್ದು ಎಲ್ಲೂ ಇಲ್ಲ. ಬೈತೀಯಾ, ಆಮೇಲೆ ಬೈಯಿ. ಮೊದಲು ಇದನ್ನ ಕತ್ತರಿಸ್ತೀನಿ."

ನಾದಿನಿ ಬೈಯಲಿಲ್ಲ. ಕತ್ತರಿಯ ಮೇಲೆ ಕೈಯಿಟ್ಟು ತಡೆದಳು. ಹೆಗಲಿನ ಕೈಚೀಲ ಇಳಿಸಿ, ಅದರ ಪಟ್ಟಿಯನ್ನು ಹಿಂದುಮುಂದಾಗಿ ಮಗುಚಿದಳು. ಒಳಮಗ್ಗುಲಿಗೆ ಚುಚ್ಚಿಟ್ಟ ಒಂದು ಸೂಜಿಯಿತ್ತು. ದಾರವಿಲ್ಲದ ಬರೀ ಸೂಜಿ.

"ನಿನ್ನೆ ಮಧ್ಯಾಹ್ನ ಬಂದೆನಲ್ಲ," ಎಂದಳು. "ನನ್ನ ಹೆಜ್ಜೆ ಸಪ್ಪಳ ಕೇಳಿ ಅಮ್ಮ ಸೂಜಿ ಮುಂದೆ ಹಿಡಿದ್ಲು. 'ದಾರ ಜಾರಿಹೋಯ್ತು, ಪೋಣಿಸಿಕೊಡೇ. ಅವಳು ಬರೋಷ್ಟರಲ್ಲಿ ಮುಗಿಸಿಬಿಡ್ತೀನಿ' ಅಂದ್ಲು. ನನ್ನನ್ನ ನೀವು ಅಂದ್ಕೊಂಡಿದ್ಲು ಅತ್ತಿಗೆ. ಎದುರಿಗೇ ನಿಂತಿದ್ದೆ, ಹೆತ್ತ ಮಗಳು. ನಾನು ಅಂತ ಗೊತ್ತಾದ್ರೆ ಅವಳಿಗೆ ಹೇಗಾಗುತ್ತೋ ಅನ್ನಿಸ್ತು. ಎಲ್ಲಿ ಚುಚ್ಚಿಕೊಂಡುಬಿಡ್ತಾಳೋ ಅಂತ ಭಯ ಆಯ್ತು. ಅವಳ ಕೈಯಿಂದ ಜಾರಿಬಿದ್ದ ಸೂಜಿ ಎತ್ಕೊಂಡು ಸದ್ದಿಲ್ಲದೆ ಹೊರಗೆ ಹೋದೆ. ಆಮೇಲೆ ಈಗ ತಾನೇ ಬಂದವಳ ಹಾಗೆ, 'ಅಮ್ಮಾ' ಅಂತ ಕೂಗ್ಕೊಂಡು ಬಂದೆ."

"ಅತ್ತೆ ಏನಂದ್ರು?"

"ಗಾಬರಿಯಾದ್ಲು. ದಾರದ ತುದಿಯನ್ನ ಬೆರಳಲ್ಲಿ ಒಳಗೆ ತೂರಿಸಿ, 'ಮುಗೀತು, ತಗೊಂಡು ಹೋಗು' ಅಂತ ಕೊಟ್ಟುಬಿಟ್ಲು."

ಸೊಸೆ ಗೋಡೆಗೆ ಒರಗಿದಳು. ದಿಂಬಿನಲ್ಲಿ ಸೂಜಿ ಇರಲಿಲ್ಲ. ಇರಲೇ ಇಲ್ಲ. 

ಆಗ ನಾದಿನಿ ತಲೆ ಎತ್ತಿ ಅವಳ ಮುಖವನ್ನೇ ನೋಡಿದಳು. "ಅತ್ತಿಗೆ, ನಾನು ಹೋದ ಮೇಲೆ ಅಮ್ಮ ಸೂಜಿ ಹುಡುಕಿದ್ಲಾ?"

ಟೈಲ್ಸು ಸವರುತ್ತಿದ್ದ ಎರಡು ಅಂಗೈಗಳು ಸೊಸೆಯ ಕಣ್ಣ ಮುಂದೆ ಬಂದು ನಿಂತವು. ಹೊರಗೆ ವ್ಯಾನಿನ ಸದ್ದಾಯಿತು. ಯಾರೋ ಅವಳ ಗಂಡನನ್ನು ಕೂಗಿದರು.

"ಇಲ್ಲ," ಎಂದಳು. "ಸೂಜಿಯ ನೆನಪೇ ಇರಲಿಲ್ಲ ಅವರಿಗೆ. ಕುರ್ಚೀಲಿ ಆರಾಮಾಗಿ ಕೂತಿದ್ರು. ಊಟ ಮಾಡಿ ಮಲಗಿದ್ರು."

"ನಿಜವಾಗ್ಲೂ?"

"ನಿನ್ನಾಣೆ."

ನಾದಿನಿ ಉಸಿರು ಬಿಟ್ಟಳು. ದಿಂಬಿನ ಬಾಯಿಯಿಂದ ಕೆಂಪು ದಾರವನ್ನು ಮೆಲ್ಲಗೆ ಹೊರಗೆಳೆದಳು. ಬಾಕಿ ಇದ್ದದ್ದು ಬೆರಳಗಲದ ಹೊಲಿಗೆ. ದಾರವನ್ನು ನಾಲಿಗೆಗೆ ತಾಗಿಸಿ ಸೂಜಿಯ ಕಣ್ಣಿಗೆ ಹಿಡಿದಳು. ತಪ್ಪಿತು. ಮತ್ತೆ ಹಿಡಿದಳು, ಮತ್ತೆ ತಪ್ಪಿತು. ಕಣ್ಣೀರು ಒರೆಸಿಕೊಂಡಷ್ಟೂ ತುಂಬಿಕೊಳ್ಳುತ್ತಿತ್ತು.

"ಬನ್ನಿ, ಎತ್ತುತ್ತಾರಂತೆ," ಯಾರೋ ಬಾಗಿಲು ತಟ್ಟಿದರು.

ನಾದಿನಿ ಸೂಜಿಯನ್ನು ಮುಂದೆ ಹಿಡಿದಳು.

"ಕಾಣ್ತಿಲ್ಲ ಅತ್ತಿಗೆ. ಪೋಣಿಸಿಕೊಡಿ."