ಮುನ್ನೂರೈವತ್ತರ ಗೆರೆ

ಹಳದಿಯಲ್ಲ, ಹಾಲಿಲ್ಲದ ಚಹಾದ ಬಣ್ಣ, ಬಚ್ಚಲಿನ ಕಿಟಕಿಯ ಬೆಳಕಿಗೆ ಜಗ್ಗು ಹಿಡಿದರೂ ಮುನ್ನೂರೈವತ್ತರ ಗೆರೆಯೇ, ಅಲುಗಾಡಿಸಿದರೆ ಮೇಲೇರೀತೇನೋ ಎಂದು ಅಲುಗಾಡಿಸಿಯೂ ನೋಡಿದ, ವಿಜ್ಞಾನದ ಮೇಷ್ಟ್ರು ಮಾಡುವ ಕೆಲಸವೇ ಇದು — ನಿನ್ನೆ ಬೆಳಗಿನಿಂದ ಇವತ್ತು ಬೆಳಗಿನವರೆಗೆ ಇಡೀ ದಿನದ ಮೂತ್ರ ಸೇರಿಸಿದರೂ ಇಷ್ಟೇ ಮಿಲಿಲೀಟರ್. ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಬರೆದದ್ದು ಇದನ್ನೇ ಅಲ್ಲವೇ, ಬೆನ್ನೆಲುಬಿನ ಆಚೆಗೊಂದು ಈಚೆಗೊಂದು ಮೂತ್ರಪಿಂಡ, ಒಂದೊಂದರಲ್ಲೂ ಸುಮಾರು ಹತ್ತು ಲಕ್ಷ ನೆಫ್ರಾನ್, ದಿನಕ್ಕೆ ನೂರೆಂಬತ್ತು ಲೀಟರ್ ಸೋಸಿ, ಬೇಕಾದದ್ದನ್ನು ರಕ್ತಕ್ಕೇ ಹಿಂದಿರುಗಿಸಿ, ಒಂದೂವರೆ ಲೀಟರಷ್ಟನ್ನು ಹೊರಗೆ ಕಳಿಸುತ್ತವೆ, ಹಿಂದಿನ ಬೆಂಚಿನವಳು ಎದ್ದು, ಸಾರ್, ಅಷ್ಟೆಲ್ಲ ವಾಪಸ್ ತಗೊಳ್ಳೋದಾದ್ರೆ ಮೊದ್ಲು ಸೋಸೋದ್ಯಾಕೆ, ತರಗತಿಯೆಲ್ಲ ಗೊಳ್ಳೆಂದು ನಕ್ಕು ಅವತ್ತಿನಿಂದ ಅವನು ಫಿಲ್ಟರ್ ಮೇಷ್ಟ್ರು. ಫಿಲ್ಟರ್ ಮೇಷ್ಟ್ರ ಎರಡೂ ಮೂತ್ರಪಿಂಡ ಕೈಕೊಟ್ಟವು, ಈಗಿರುವುದು ಅಕ್ಕನದು, ಪುಸ್ತಕದ ಚಿತ್ರದಲ್ಲಿಲ್ಲದ ಜಾಗದಲ್ಲಿ, ಕಿಬ್ಬೊಟ್ಟೆಯ ಬಲಕ್ಕೆ, ಮುಟ್ಟಿದರೆ ಕೈಗೆ ಸಿಗುತ್ತದೆ, ಬಾವ ಬೇಡವೆಂದು ಮಾತು ಬಿಟ್ಟಿದ್ದರು, ಅಕ್ಕ ಜಗ್ಗಲಿಲ್ಲ, ನನ್ ಹತ್ರ ಎರಡಿದೆ, ಅವನ ಹತ್ರ ಒಂದೂ ಇಲ್ಲ, ಇದ್ರಲ್ಲಿ ಯೋಚಿಸೋದೇನಿದೆ.

ಆಪರೇಷನ್ ಆದ ಮೇಲೆ ಎರಡು ತಿಂಗಳು ಜಗ್ಗು ತುಂಬಿ ತುಂಬಿ ಬಂತು, ದಿನಾ ಬೆಳಗ್ಗೆ ಅಕ್ಕ ಬಂದು ಕನ್ನಡಕ ಏರಿಸಿ ಗೆರೆ ಓದಿ, ಆಸ್ಪತ್ರೆಗೆ ಫೋನ್ ಮಾಡಿ, ಸಾವಿರದ ಎಂಟುನೂರು ಡಾಕ್ಟ್ರೇ ಎನ್ನುವಾಗ ಮಗುವಿನ ಅಂಕ ಹೇಳುವ ತಾಯಿಯ ದನಿ, ಆ ದನಿಗಾಗಿಯೇ ತಾನೇ ಅವನು ಮೂರು ದಿನದ ಹಿಂದೆ, ಗೆರೆ ಆರುನೂರಕ್ಕಿಳಿದಾಗ, ನಲ್ಲಿ ತಿರುಗಿಸಿದ್ದು, ಒಂದೇ ದಿನ, ನಾಳೆ ಸರಿಹೋಗುತ್ತೆ, ಜಗ್ಗಿಗೆ ಹಳೆಯ ಗೆರೆ ಮುಟ್ಟುವಷ್ಟು ನೀರು, ಮರುದಿನ ಇನ್ನಷ್ಟು, ತುಂಬ ಚೆನ್ನಾಗಿದೆಯಂತೆ ಕಣೋ, ಡಾಕ್ಟ್ರು ಅಂದ್ರು — ಛೀ, ಎಂಥ ಮೇಷ್ಟ್ರು, ಪರೀಕ್ಷೆಯಲ್ಲಿ ನಕಲು ಹೊಡೆದವರನ್ನು ಬೆಂಚಿನ ಮೇಲೆ ನಿಲ್ಲಿಸಿದವನು, ಪಾದ ಊದಿದ್ದು ಕಾಣದಿರಲೆಂದು ಮನೆಯೊಳಗೂ ಕಾಲುಚೀಲ ಹಾಕಿಕೊಂಡವನು, ಕಡಿಮೆಯಾದ್ರೆ ಆ ಗಂಟೆಗೇ ಓಡಿಬನ್ನಿ ಎಂದು ಡಾಕ್ಟ್ರು ಅಂದಿದ್ದರು, ಮೂರು ದಿನ, ಅವಳು ಕೊಟ್ಟದ್ದನ್ನು ಅವನು ಮೂರು ದಿನ ನೀರಿನಲ್ಲಿ ಮುಳುಗಿಸಿಟ್ಟ. ಬಾಗಿಲು ತಟ್ಟಿದ ಸದ್ದು, ಎಷ್ಟಾಯ್ತೋ, ಎಷ್ಟೊತ್ತು ಮಾಡ್ತೀಯ, ಬಂದೆ ಅಕ್ಕ, ಕೈ ನಲ್ಲಿಯ ಮೇಲಿದೆ, ಅರ್ಧ ತಿರುವು ಸಾಕು, ಅರ್ಧ ತಿರುವಿಗೆ ಅವಳ ಇಡೀ ದಿನ ನೆಮ್ಮದಿ, ಬೇಡ, ಕೈ ತೆಗೆ, ತೆಗೆದ, ಚಿಲಕ ಎಳೆದ. ಅಕ್ಕ ಕನ್ನಡಕ ಏರಿಸಿದಳು, ಒಂದು ಕೈ ತನ್ನ ಪಕ್ಕೆಯ ಹೊಲಿಗೆಯ ಮೇಲಿಟ್ಟು ಬಗ್ಗಿದಳು, ಬಗ್ಗಿದವಳು ಏಳಲಿಲ್ಲ, ಆಮೇಲೆ ತಲೆಯೆತ್ತಿ ನಕ್ಕಳು, ಇದು ಬರೀ ಈಗಿಂದು ತಾನೇ, ಮಿಕ್ಕಿದ್ದು ಎಲ್ಲಿಟ್ಟಿದೀಯ, ಹೇಳೋ, ಮಿಕ್ಕಿದ್ದು, ಅವಳ ಬೆರಳು ಗೆರೆಯ ಮೇಲಿನ ಖಾಲಿ ಜಾಗದಲ್ಲಿ ಮೇಲೆ ಮೇಲೆ ಹೋಗುತ್ತಿದೆ, ಐನೂರು, ಸಾವಿರ, ಸಾವಿರದ ಎಂಟುನೂರು, ಖಾಲಿ, ಅಲ್ಲ ಅಕ್ಕ, ಮಿಕ್ಕಿದ್ದಿಲ್ಲ, ಮೂರು ದಿನದಿಂದ ನಾನೇ ನೀರು ಬೆರೆಸ್ತಿದ್ದೆ, ಬೆರಳು ಅಲ್ಲೇ, ಸಾವಿರದ ಎಂಟುನೂರರ ಖಾಲಿ ಗೆರೆಯ ಮೇಲೆ, ಆಮೇಲೆ ಬೆರಳು ಕೆಳಗಿಳಿದು ಮುನ್ನೂರೈವತ್ತರಲ್ಲಿ ನಿಂತಿತು.