ಎರಡು ನಿಮಿಷದ ಸ್ಟಾರ್ಟು

ಅತ್ತೆಗೆ ಬಾಯಿ ತುಂಬ ಬೈಯುವುದು ಗೊತ್ತಿತ್ತು, ಬಾಯಿ ತುಂಬ ಹೊಗಳುವುದು ಗೊತ್ತಿರಲಿಲ್ಲ. ಎರಡು ವರ್ಷದ ಹಿಂದೆ ಅವಳು ಎದೆ ಹಿಡಿದುಕೊಂಡು ಅಡುಗೆಮನೆಯಲ್ಲಿ ಕುಸಿದಾಗ ಸೊಸೆ ಅನಾಮತ್ತಾಗಿ ಎತ್ತಿ ಕಾರಿಗೆ ಹಾಕಿಕೊಂಡು ಹೋಗಿದ್ದಳು. ಇನ್ನು ಹತ್ತು ನಿಮಿಷ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಬದುಕಿ ಮನೆಗೆ ಬಂದವಳು ಸೊಸೆಗೆ ಹೇಳಿದ ಮೊದಲ ಮಾತು, "ಅವತ್ತು ಒಲೆ ಆರಿಸಿದ್ಯೋ ಇಲ್ವೋ?" ಒಳಗೆ ಕೃತಜ್ಞತೆ ಹಾಲಿನ ಹಾಗೆ ಉಕ್ಕುತ್ತಿತ್ತು, ಹೊರಗೆ ಬಂದದ್ದು ಒಲೆಯ ವಿಚಾರ.

ಹೇಳಲಾಗದ್ದನ್ನು ಮಾಡಿ ತೀರಿಸೋಣ ಎಂದುಕೊಂಡಳು. ಸೊಸೆ ಹೆರಿಗೆ ಆಸ್ಪತ್ರೆಯ ನರ್ಸು. ಕರೆ ಬಂದ ಹತ್ತು ನಿಮಿಷದಲ್ಲಿ ಅಲ್ಲಿರಬೇಕು, ಹಾಗಾಗಿ ಕಾರು ಕೈಕೊಡುವಂತಿಲ್ಲ. ಮಗನಿಗೆ ಹಡಗಿನಲ್ಲಿ ಕೆಲಸ, ಮನೆಗೆ ನೆಂಟನ ಹಾಗೆ ಬಂದು ಹೋಗುತ್ತಿದ್ದ. ಅತ್ತೆಯ ಗಂಡ ಬದುಕಿದ್ದಾಗ ಲಾರಿ ಓಡಿಸುತ್ತಿದ್ದವನು. "ನಿಂತ ಗಾಡಿ ಕೆಡುತ್ತೆ, ದಿನಾ ಒಂದ್ಸಲ ಸ್ಟಾರ್ಟ್ ಮಾಡ್ಬೇಕು" ಎನ್ನುತ್ತಿದ್ದ. ಆಮೇಲೆ ಇನ್ನೂ ಏನೋ ಹೇಳುತ್ತಿದ್ದ, ಗಂಡನ ಮಾತನ್ನು ಪೂರ್ತಿ ಕೇಳುವ ಅಭ್ಯಾಸ ಅವಳಿಗಿರಲಿಲ್ಲ.

ಆಸ್ಪತ್ರೆಯಿಂದ ಬಂದಂದಿನಿಂದ ದಿನಾ ಬೆಳಗ್ಗೆ ಆರಕ್ಕೆ ಮೊಳೆಯಿಂದ ಕೀ ತೆಗೆದುಕೊಂಡು ಕಳ್ಳಹೆಜ್ಜೆಯಲ್ಲಿ ಎರಡು ಮಹಡಿ ಇಳಿಯುವಳು. ಗೇರು ಅಲ್ಲಾಡಿಸಿ ನೋಡಿ, ಕಾರು ಸ್ಟಾರ್ಟ್ ಮಾಡುವಳು. ಸೊಸೆ ಮಲಗುವ ಕೋಣೆಯ ಕಿಟಕಿ ನೇರ ಮೇಲೇ ಇತ್ತು. ಪಾಪ, ದಣಿದು ಮಲಗಿರುತ್ತಾಳೆ, ಎಚ್ಚರವಾದೀತು ಎಂದು ಎರಡೇ ನಿಮಿಷಕ್ಕೆ ಆಫ್ ಮಾಡಿ, ಗಾಜು ಒರೆಸಿ, ಏನೂ ಅರಿಯದವಳಂತೆ ಮೇಲೆ ಬಂದು ಬಿಡುವಳು.

ಈ ತಿಂಗಳು ಕಾರು ಎರಡು ಸಲ ಕೈಕೊಟ್ಟಿತು. ಎರಡನೆಯ ಸಲ ಸೊಸೆ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮಗು ಹುಟ್ಟಿ, ಅತ್ತು, ನಿದ್ದೆಯನ್ನೂ ಮಾಡಿತ್ತು. ಇನ್ನೊಮ್ಮೆ ತಡವಾದರೆ ಹೆರಿಗೆ ಕೋಣೆಯಿಂದ ತೆಗೆದು ಚೀಟಿ ಬರೆಯುವ ಕಿಟಕಿಗೆ ಹಾಕುವುದಾಗಿ ಮೇಲಿನವರು ಹೇಳಿದ್ದರು. ಸೊಸೆಗೆ ಆ ಕೆಲಸವೆಂದರೆ ಪ್ರಾಣ. ಇವತ್ತು ಹನ್ನೆರಡಕ್ಕೆ ಡ್ಯೂಟಿ, ಹತ್ತು ಗಂಟೆಗೆ ನೋಡಿದರೆ ಕಾರು ಮತ್ತೆ 'ಟಕ್' ಎಂದು ಸುಮ್ಮನಾಯಿತು.

ಬ್ಯಾಟರಿ ಅಂಗಡಿಯವನು ಸ್ಕೂಟರಿನಲ್ಲಿ ಎರಡು ಹೊಸ ಬ್ಯಾಟರಿ ಇಟ್ಟುಕೊಂಡು ಬಂದ. ಹಳೆಯದಕ್ಕೆ ಮೀಟರು ಹಚ್ಚಿ ನೋಡಿ ಮೀಸೆ ತಿಕ್ಕಿದ.

"ನೀವು ಕೊಟ್ಟು ಎಂಟು ತಿಂಗಳಾಗಿದೆ ಅಷ್ಟೆ" ಎಂದಳು ಸೊಸೆ. "ಹಳೇ ಮಾಲಿಗೆ ಹೊಸ ಸ್ಟಿಕ್ಕರ್ ಅಂಟಿಸಿ ಕೊಟ್ರಾ?"

"ಮೂವತ್ತು ವರ್ಷದಿಂದ ಇದೇ ಕೆಲಸ ಮೇಡಂ. ಮಾಲು ಸರಿಯಾಗೇ ಇತ್ತು, ಉಪವಾಸ ಬಿದ್ದು ಸತ್ತಿದೆ. ಸ್ಟಾರ್ಟ್ ಮಾಡೋಕೆ ಖರ್ಚಾಗಿದ್ದು ವಾಪಸ್ ತುಂಬ್ಕೋಬೇಕಾದ್ರೆ ಗಾಡಿ ಅರ್ಧ ಗಂಟೆನಾದ್ರೂ ಓಡ್ಬೇಕು. ಯಾರಾದ್ರೂ ದಿನಾ ಸ್ಟಾರ್ಟ್ ಮಾಡಿ ಹಾಗೇ ಆಫ್ ಮಾಡ್ತಾರಾ?"

"ನಾನು ಬಿಟ್ರೆ ಇದರ ಕೀ ಯಾರೂ ಮುಟ್ಟಲ್ಲ."

ಕಂಬದ ಪಕ್ಕ ನಿಂತಿದ್ದ ಅತ್ತೆಗೆ ಗಂಡನ ಮಾತಿನ ಉಳಿದರ್ಧ ಏನಿತ್ತೆಂದು ಈಗ ಹೊಳೆಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಅವಳು ಕೈ ಎರಡನ್ನೂ ಹಿಂದೆ ಕಟ್ಟಿಕೊಂಡಳು.

"ಆ ದೊಡ್ಡದನ್ನೇ ಹಾಕಿ" ಎಂದಳು ಸೊಸೆ.

"ದೊಡ್ಡದು ಇಲ್ಲಿ ಕೂರಲ್ಲ. ಅದರ ಪ್ಲಸ್ಸು ಎಡಗಡೆ, ನಿಮ್ಮ ವೈರು ಅಲ್ಲಿಗೆ ಎಟುಕಲ್ಲ. ಕಾಲಿಗೆ ತಕ್ಕ ಚಪ್ಪಲಿ ಮೇಡಂ." ಚಿಕ್ಕದನ್ನು ತಿರುಗಿಸಿ, ಅದು ತಯಾರಾದ ಕಳೆದ ತಿಂಗಳ ತಾರೀಖು ತೋರಿಸಿದ.

ಮೊದಲು ಮೈನಸ್ಸು, ಆಮೇಲೆ ಪ್ಲಸ್ಸು ಬಿಚ್ಚಿದ. ವೈರಿನ ತುದಿಗೆ ಹಿಡಿದಿದ್ದ ಬಿಳಿ ಪುಡಿಗೆ ಬಿಸಿನೀರು ಬೇಕೆಂದ. ಅತ್ತೆ ಓಡಿ ತಂದುಕೊಟ್ಟಳು. ತೊಳೆದು ಒರೆಸಿ, ಹೊಸದನ್ನು ಕೂರಿಸಿ, ಈಗ ಪ್ಲಸ್ಸನ್ನು ಮೊದಲು ಬಿಗಿದು, ಕೊನೆಗೆ ಮೇಲೊಂದಿಷ್ಟು ವ್ಯಾಸಲೀನ್ ಸವರಿದ. ಕೆಲಸ ಮಾಡುವವನ ಕೈ ನೋಡಿದರೆ ಮೋಸಗಾರನೋ ಅಲ್ಲವೋ ಗೊತ್ತಾಗುತ್ತದೆ. ಅತ್ತೆಗೆ ಗೊತ್ತಾಯಿತು.

ಸೊಸೆ ಮಾತ್ರ ಪಟ್ಟು ಬಿಡಲಿಲ್ಲ. "ವಾರಂಟಿ ಇದೆ, ಇದರ ದುಡ್ಡು ನಿಮ್ಮ ತಲೆ ಮೇಲೇ. ಇಲ್ದಿದ್ರೆ ನಮ್ಮ ಆಸ್ಪತ್ರೆಯವ್ರು ಯಾರೂ ನಿಮ್ಮ ಅಂಗಡಿ ಕಡೆ ತಲೆ ಹಾಕದ ಹಾಗೆ ಮಾಡ್ತೀನಿ."

ಅವನು ಬಟ್ಟೆಗೆ ಕೈ ಒರೆಸಿಕೊಂಡ. "ಇದಕ್ಕೆ ಕಂಪನಿಯವ್ರು ವಾರಂಟಿ ಕೊಡಲ್ಲ. ಇರ್ಲಿ, ನನ್ನ ಕೈಯಿಂದ್ಲೇ ಹೋಗ್ಲಿ. ನಿಮಗೆ ಹೊತ್ತಾಗುತ್ತೆ."

ಅತ್ತೆಗೆ ತಡೆಯಲಾಗಲಿಲ್ಲ. "ಅವನನ್ನ ಅನ್ಬೇಡ ಕಣೆ. ನಾನೇ ಮಾಡಿದ್ದು. ದಿನಾ ಬೆಳಗ್ಗೆ ಎರಡೆರಡು ನಿಮಿಷ. ಹಿಂದಿನ ಬ್ಯಾಟರೀನ ಕೊಂದಿದ್ದೂ ನಾನೇ ಇರ್ಬೇಕು."

ಸೊಸೆ ತಿರುಗಿ ನೋಡಿದಳು. "ನೀವಾ? ಯಾಕತ್ತೆ?"

"ನಿನಗೆ ಗಾಡಿ ಕೈಕೊಡಬಾರದು ಅಂತ. ಅವತ್ತು ನೀನು ಎತ್ಕೊಂಡು ಓಡದೆ ಇದ್ದಿದ್ರೆ ನಾನು ಇವತ್ತು ಇಲ್ಲಿ ನಿಂತಿರ್ತಿರ್ಲಿಲ್ಲ. ಅದನ್ನ ಹೇಳೋಕೆ ಬಾಯೇ ಬರ್ಲಿಲ್ಲ ನಂಗೆ."

"ಮತ್ತೆ ಎರಡೇ ನಿಮಿಷಕ್ಕೆ ಯಾಕೆ ಆಫ್ ಮಾಡ್ತಿದ್ರಿ?"

"ನಿಂಗೆ ಎಚ್ಚರ ಆಗುತ್ತಲ್ಲ."

ಸೊಸೆ ಅಂಗಡಿಯವನ ಕಡೆ ತಿರುಗಿ, "ತಪ್ಪಾಯ್ತು ಅಣ್ಣ, ದೊಡ್ಡ ಮಾತಾಡಿಬಿಟ್ಟೆ" ಎಂದು ಪೂರ್ತಿ ದುಡ್ಡು ಅವನ ಕೈಗಿಟ್ಟಳು. ಅವನು ನಗುತ್ತ ಸ್ಕೂಟರು ಹತ್ತಿದ. "ಈಗ ಅರ್ಧ ಗಂಟೆ ಓಡಿಸಿ ಮೇಡಂ, ಹೊಟ್ಟೆ ತುಂಬಲಿ."

"ಹತ್ತಿ ಅತ್ತೆ" ಎಂದಳು ಸೊಸೆ, ಮುಂದಿನ ಬಾಗಿಲು ತೆಗೆದು.

ಕಾರು ಒಂದೇ ಏಟಿಗೆ ಸ್ಟಾರ್ಟ್ ಆಯಿತು. ದೊಡ್ಡ ರಸ್ತೆಗೆ ಬಂದರು. ಸಿಗ್ನಲಿನಲ್ಲಿ ನಿಂತಾಗ ಸೊಸೆ ಮುಂದಕ್ಕೇ ನೋಡುತ್ತ ಹೇಳಿದಳು, "ನಮ್ಮಮ್ಮ ಹೋದ್ಮೇಲೆ, ನನಗೆ ಎಚ್ಚರ ಆಗ್ಬಾರ್ದು ಅಂತ ಯೋಚನೆ ಮಾಡಿದ್ದು ನೀವೊಬ್ರೇ ಅತ್ತೆ."

ಅತ್ತೆ ಗೇರಿನ ಮೇಲಿದ್ದ ಸೊಸೆಯ ಕೈ ಮೇಲೆ ತನ್ನ ಕೈ ಇಟ್ಟಳು. ಸಿಗ್ನಲು ಹಸಿರಾಗಿ ಹಿಂದಿನವರು ಹಾರನ್ ಬಾರಿಸಿದರು. ಗೇರು ಹಾಕಬೇಕಿತ್ತು, ಇಬ್ಬರೂ ಕೈ ತೆಗೆಯಲಿಲ್ಲ.