ಎತ್ತಿದ ಕೈ

ಮಂಜುಗಡ್ಡೆಯ ಮೇಲೆ ಜೋಡಿ ಸ್ಕೇಟಿಂಗ್ ಮಾಡುವುದರಲ್ಲಿ ಆ ಅಣ್ಣತಂಗಿಯರದು ಎತ್ತಿದ ಕೈ. ನಿಜಕ್ಕೂ ಎತ್ತಿದ ಕೈಯೇ: ತಂಗಿಯನ್ನು ತಲೆಯ ಮೇಲಕ್ಕೆತ್ತಿ ಹಿಡಿದು, ಜಾರುತ್ತಲೇ ಅಣ್ಣ ಇಡೀ ಅಂಗಳ ಸುತ್ತಿಬರುತ್ತಿದ್ದ. ವರ್ಷವರ್ಷವೂ ಅವರೇ ಚಾಂಪಿಯನ್ನರು. ಮನೆಯವರು ಇನ್ನೂ ಪುಟ್ಟಿ ಎಂದೇ ಕರೆಯುತ್ತಿದ್ದವಳಿಗೆ ಮೂವತ್ತು ದಾಟಿತ್ತು. ಈಚೆಗೆ ಬೂಟಿನ ದಾರ ಬಿಗಿಯುವಾಗ ಅವಳಿಗೆ ಆಕಳಿಕೆ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಅಂಗಾಲಲ್ಲಿ ಆಣಿ, ಸೊಂಟದಲ್ಲಿ ನೋವು, ಕಿವಿಯಲ್ಲಿ ಅದೇ ಸಂಗೀತ. ಆದರೂ ಅಣ್ಣನಿಗೆ ಇದೇ ಉಸಿರು ಎಂದುಕೊಂಡು ದಿನವೂ ಬರುತ್ತಿದ್ದಳು.

ಒಂದು ಬೆಳಿಗ್ಗೆ ಅವನು ಎತ್ತಿದಾಗ ಅವಳ ಭಾರ ಹೊತ್ತ ಅಂಗೈ ಗಡಗಡ ನಡುಗಿತು. ಇಳಿಸಿದವನೇ ಅಂಚಿನ ಹಲಗೆ ಹಿಡಿದು ನಿಂತ.

"ಏನಾಯ್ತೋ ಅಣ್ಣ?"

"ಏನಿಲ್ಲ. ನೀನು ದಪ್ಪ ಆಗಿದೀಯ."

ಆಮೇಲೆ ಬೂಟು ಬಿಚ್ಚಲು ಬಗ್ಗಲಾಗದೆ ಅವನು ಬೆಂಚಿನ ಮೇಲೆ ಸುಮ್ಮನೆ ಕುಳಿತಿದ್ದನ್ನು ಕಂಡಳು. ಅವನಿಗೆ ಗೊತ್ತಾಗದಂತೆ ಅತ್ತಿಗೆಗೆ ಫೋನ್ ಮಾಡಿದಳು.

"ನಾನು ಹೇಳ್ದೆ ಅನ್ಬೇಡ," ಎಂದಳು ಅತ್ತಿಗೆ. "ಬೆನ್ನಿನ ಡಿಸ್ಕ್ ಜಾರಿದೆ. ಭಾರ ಎತ್ಲೇಬಾರ್ದು ಅಂದಿದಾರೆ ಡಾಕ್ಟ್ರು. ನಿಂಗಿನ್ನೂ ಆಡೋ ಆಸೆ ಇದೆ ಅಂತ ಇವ್ರು ಬಾಯಿಗೆ ಬೀಗ ಹಾಕ್ಕೊಂಡಿದಾರೆ."

ಪುಟ್ಟಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನೇರ ಬೆಂಚಿಗೆ ಹೋಗಿ, ಮಂಡಿಯೂರಿ, ಅವನ ಬೂಟಿನ ದಾರ ಬಿಚ್ಚತೊಡಗಿದಳು.

"ನಂಗೆ ಸಾಕಾಗಿದೆ, ಅಣ್ಣ."

"ಪಂದ್ಯ ಹತ್ರ ಬಂತಲ್ಲೇ."

"ಬರ್ಲಿ."

"ಯಾವಾಗಿಂದ ಸಾಕಾಗಿದೆ?"

"ಹೋದ್ಸಲ ಗೆದ್ದಾಗಿಂದ."

ಅವನ ಮುಖ ಕೆಂಪಾಯಿತು. "ಆಗ್ಲೇ ಹೇಳೋಕೇನಾಗಿತ್ತು ನಿಂಗೆ? ಇಲ್ಲಿ ನನ್ನ ಬೆನ್ನು..." ಎಂದು ಅಲ್ಲಿಗೇ ನಿಲ್ಲಿಸಿದ.

"ನೀನು ಹೇಳಿದ್ಯಾ?"

ಅವನು ಅವಳ ನೆತ್ತಿಯ ಮೇಲೆ ಕೈಯಿಟ್ಟ, ಅಷ್ಟೆ.

ಇಬ್ಬರೂ ಆಟ ಬಿಡುತ್ತಾರೆಂದು ಕೇಳಿ ಸ್ಕೇಟಿಂಗ್ ಕಲಿಸಿದ ಮೇಷ್ಟ್ರು ಕೆಂಡವಾದರು. "ಸಿಂಹಾಸನ ಬಿಟ್ಟು ಯಾರಾದ್ರೂ ಎದ್ದು ಹೋಗ್ತಾರೇನ್ರೋ?"

"ಕೂತೂ ಕೂತೂ ಕಾಲು ಜೋಮು ಹಿಡಿದ್ರೆ ಹೋಗ್ತಾರೆ, ಸಾರ್," ಎಂದಳು ಪುಟ್ಟಿ. ಮೇಷ್ಟ್ರು ಮಾತು ಬಿಟ್ಟರು. ಆದರೆ ಅಣ್ಣನ ಆಪರೇಷನ್ನಿನ ದಿನ ಆಸ್ಪತ್ರೆಗೆ ಎಲ್ಲರಿಗಿಂತ ಮೊದಲು ಬಂದು ಕುಳಿತಿದ್ದವರು ಅವರೇ.

ಪಂದ್ಯದ ಮಧ್ಯಾಹ್ನ ಅಣ್ಣನ ಮನೆಯ ಟಿ.ವಿ. ಮುಂದೆ ಎಲ್ಲರೂ ಸೇರಿದ್ದರು. ಬೇರೆ ಯಾವುದೋ ಜೋಡಿ ಬಂತು, ಎಳೆಯರು, ಚೆನ್ನಾಗಿಯೇ ಆಡಿದರು. ಹೊಟ್ಟೆಕಿಚ್ಚು ಬರಬಹುದೆಂದು ಪುಟ್ಟಿ ಕಾದಳು. ಬರಲಿಲ್ಲ. ಬಂದದ್ದು ನಿದ್ದೆ, ಎಷ್ಟೋ ವರ್ಷಗಳಿಂದ ಬಾಕಿ ಉಳಿದಿದ್ದಂಥ ನಿದ್ದೆ. ಫಲಿತಾಂಶ ಹೇಳುವಷ್ಟರಲ್ಲಿ ಅವಳು ಸೋಫಾದ ಮೇಲೆ ಬಾಯಿ ತೆರೆದು ಮಲಗಿದ್ದಳು. ಎಬ್ಬಿಸಲು ಹೋದ ಅತ್ತಿಗೆಯನ್ನು ಅಣ್ಣ ಸನ್ನೆಯಲ್ಲೇ ತಡೆದು, ಟಿ.ವಿ.ಯ ಸದ್ದು ತಗ್ಗಿಸಿದ.